ಸಾವಿತ್ರಿಬಾಯಿ ಕೇಳಿದ ಪ್ರಶ್ನೆ

ಮಕ್ಕಳ ಪದ್ಯ ಹುಡುಕುತ್ತ ಯಾವುದೋ ಪುಟ ತೆರೆದದ್ದೇ ತಡ, ಹೊಸ ಲ್ಯಾಪ್‌ಟಾಪಿನ ಪರದೆ ಕೆಂಪಾಗಿ ಕಿರುಚತೊಡಗಿತು. 'ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ.' ಕೆಂಭಾವಿಯ ಅಂಗನವಾಡಿ ಶಿಕ್ಷಕಿ ಸಾವಿತ್ರಿಬಾಯಿ ಅದನ್ನು ಓದಿ ಮುಗಿಸುವಷ್ಟರಲ್ಲಿ ಸಹಾಯಕಿ ಸುಂದ್ರಮ್ಮ ಗಾಬರಿಯಿಂದ ಫೋನ್ ಹಚ್ಚಿಯೇಬಿಟ್ಟಿದ್ದಳು. "ಮಾತಾಡ್ರಿ ಟೀಚರ! ಇದರಾಗ ನಲವತ್ತೊಂದು ಕೂಸುಗಳ ತೂಕ ಬರದೀರಿ, ಎಲ್ಲಾ ಅಳಿಸಿ ಹೋಗ್ತದ!"

"ಮೇಡಂ, ಏನೂ ಮುಟ್ಟಬೇಡಿ," ಎಂದಿತು ಗಂಡುದನಿ. "ನಾನು ಹೇಳುವ ಆಪ್ ಹಾಕಿಕೊಳ್ಳಿ. ಇಲ್ಲಿಂದಲೇ ಸರಿ ಮಾಡುತ್ತೇವೆ." ಸಾವಿತ್ರಿಬಾಯಿ ಫೋನನ್ನು ಕಿವಿಗೆ ಹಿಡಿದು ಪರದೆ ನೋಡಿದಳು. ಲ್ಯಾಪ್‌ಟಾಪ್ ಕೈಗೆ ಬಂದು ಇನ್ನೂ ಒಂದು ವಾರ. ಆದರೂ ಒಂದು ಮಾತು ತಲೆಗೆ ಹೊಳೆಯಿತು.

"ಅಲ್ರಿ, ಕೆಟ್ಟದ್ದು ನನ್ನ ಲ್ಯಾಪ್‌ಟಾಪ್. ಅಲ್ಲಿ ಕುಂತ ನಿಮಗ ಹ್ಯಾಂಗ ಗೊತ್ತಾತು? ನಾ ಯಾರು, ಯಾವೂರಾಕಿ, ಹೇಳ್ರಿ ನೋಡೋಣ."

ಆತ ಗದರಿದ, "ಹೇಳಿದಷ್ಟು ಮಾಡಿ!"

"ಗುರ್ತಿಲ್ಲದವರಿಗೆ ನಾ ಮನಿ ಬಾಗಲಾನೇ ತೆಗಿಯಂಗಿಲ್ಲ. ಇದನ್ನ ತೆಗೀತೀನೇನು?" ಎಂದು ಫೋನ್ ಇಟ್ಟಳು. ಲ್ಯಾಪ್‌ಟಾಪಿನ ಪವರ್ ಗುಂಡಿಯನ್ನು ಒತ್ತಿ ಹಿಡಿದಳು. ಕಿರುಚಾಟ ನಿಂತು ಪರದೆ ಕಪ್ಪಾಯಿತು. ಸುಂದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸಾವಿತ್ರಿಬಾಯಿ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ ಮತ್ತೆ ಗುಂಡಿ ಒತ್ತಿದಳು. ಪರದೆ ಬೆಳಗಿದ ಮೇಲೆ ಮಕ್ಕಳ ತೂಕದ ಪಟ್ಟಿ ತೆರೆದಳು. ನಲವತ್ತೊಂದು ಹೆಸರುಗಳೂ ಸಾಲಾಗಿ ಅಲ್ಲೇ ಇದ್ದವು.

"ಯವ್ವಾ! ಯಾರಿಗೂ ಕೇಳದ ನೀವೇ ಸರಿ ಮಾಡಿದಿರಲ್ರಿ!" ಎಂದಳು ಸುಂದ್ರಮ್ಮ.

ಸಾವಿತ್ರಿಬಾಯಿ ಜೋರಾಗಿ ನಕ್ಕು ಎದ್ದು ನಿಂತು, ತನ್ನ ಕುರ್ಚಿಯನ್ನು ಅವಳತ್ತ ಸರಿಸಿದಳು. "ಬರ್ರಿ, ಕುಂದರ್ರಿ. ಇನ್ನೂ ಒಂದು ಕೂಸಿನ ತೂಕ ಉಳದದ. ನಲವತ್ತೆರಡನೇದು ನೀವು ಬರೀರಿ."