ಕೋವಿಯ ತೋಟಾಕ್ಕೆ ಕಾಡಿಗೆ

ಕಾಡಿಗೆಯ ಹರಳೆಣ್ಣೆ ವಾಸನೆ ಬಂದರೆ ಈಗಲೂ ನನಗೆ ಅಜ್ಜಂಪುರದ ನಮ್ಮ ಜಗಲಿ ನೆನಪಾಗುತ್ತದೆ. ಆ ವರ್ಷ ಆಲೂಗಡ್ಡೆ ಹೊಲಕ್ಕೆ ಕಾಡುಹಂದಿಗಳು ನುಗ್ಗುತ್ತಿದ್ದವು. ಹಾರಿಸಿ ಉಬ್ಬಿದ ಖಾಲಿ ಹಿತ್ತಾಳೆ ತೋಟಾಗಳಿಗೆ ಮತ್ತೆ ಮದ್ದು ತುಂಬಲೆಂದು ಅಪ್ಪ ಅವನ್ನು ಅಚ್ಚಿನಲ್ಲಿ ಒತ್ತಿ ಸರಿಮಾಡಿದ್ದ. ಒಂದೂ ಕೋವಿಯೊಳಗೆ ಪೂರ್ತಿ ಕೂರಲಿಲ್ಲ.

"ಕೋವಿ ನಳಿಗೇನೇ ಕೆಟ್ಟೈತೆ. ಬೀರೂರಿಗೆ ಒಯ್ದು ಉಜ್ಜಿಸ್ತೀನಿ" ಎಂದ ಅಪ್ಪ.

"ಕೋವಿ ಮುಟ್ಬೇಡ ಕಣೋ" ಎಂದ ಅಜ್ಜ ನನ್ನತ್ತ ತಿರುಗಿ, "ಪುಟ್ಟಿ, ನಿನ್ ಕಾಡಿಗೆ ತಗೊಂಬಾ" ಎಂದ.

ಖಾಲಿ ತೋಟಾಕ್ಕೆ ನಾನೇ ಕಾಡಿಗೆ ಬಳಿದೆ. ಕೋವಿಗೆ ತೂರಿಸಿ ತೆಗೆದಾಗ ಬುಡದಲ್ಲಿ ಮಾತ್ರ ಕಪ್ಪು ಉಜ್ಜಿಹೋಗಿ ಹಿತ್ತಾಳೆ ಹೊಳೆಯುತ್ತಿತ್ತು.

"ತೋಟಾದ ಬಾಯಿ ಮಾತ್ರ ಒತ್ತಿದ್ದೀಯ, ಬುಡ ಉಬ್ಬಿದ್ದು ಹಂಗೇ ಐತೆ" ಎಂದು ಅಜ್ಜ ಅಪ್ಪನತ್ತ ನೋಡಿ ನಕ್ಕ.

ಅಪ್ಪ ಬುಡವನ್ನೂ ಒತ್ತಿದ. ತೋಟಾ ನಯವಾಗಿ ಜಾರಿ ಕೂತಿತು. ಸಂಜೆ ಅವನು ತೋಟಾಕ್ಕೆ ಮದ್ದು ತುಂಬಿ, ಕೋವಿ ಹಿಡಿದು ಮೀಸೆ ತಿರುವುತ್ತಾ ಹೊಲಕ್ಕೆ ಹೋದ. ಹಂದಿಗಳು ಬರಲೇ ಇಲ್ಲ. ಮನೆಯಲ್ಲಿ ಬೇಜಾರಾದದ್ದು ಅವನೊಬ್ಬನಿಗೇ.