ಹೂ ಬಿಟ್ಟ ಸೊಪ್ಪು

ಪುಷ್ಪಾವತಿ ತಲೆಗೆ ನೀರು ಹಾಕಿಕೊಂಡು, ಗಂಜಿ ಹಾಕಿದ ಹತ್ತಿ ಸೀರೆಯ ನೆರಿಗೆ ನಾಲ್ಕು ಸಲ ಸರಿಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಊಟದ ಮೇಜಿನ ನಡುವಿದ್ದ ಬಿದಿರಿನ ಕುಕ್ಕೆ ಖಾಲಿಯಾಗಿತ್ತು. ಬೆಳಿಗ್ಗೆ ಆರಕ್ಕೇ ಸ್ಕೂಟರಿನಲ್ಲಿ ನಾಲೆ ಏರಿಗೆ ಹೋಗಿ, ಸೊಳ್ಳೆ ಕಚ್ಚಿಸಿಕೊಂಡು ಕೊಯ್ದು ತಂದಿದ್ದ ಗುಲಾಬಿ ಬಣ್ಣದ ಅಣ್ಣೆ ಹೂ, ನೀಲಿ ಕನ್ನೆ ಹೂ, ಪುಟ್ಟ ಗುಂಡಿಗಳಂಥ ಬಿಳಿ ಹೊನಗೊನ್ನೆ ಹೂ, ಒಂದೂ ಇರಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಎರಡನೇ ಸೀಟಿ ಹೊಡೆಯಿತು.

ಒಲೆಯ ಮುಂದೆ ಅತ್ತೆ ಬೀರಮ್ಮ. ಹತ್ತರ ಬಸ್ಸಿಗೆ ಬಾಗೂರಿನಿಂದ ಬಂದಿಳಿದವಳು, ಸೊಸೆ ಸ್ನಾನದ ಮನೆಯಿಂದ ಬರುವ ತನಕ ಸುಮ್ಮನೆ ಕೂರುವ ಪೈಕಿಯಲ್ಲ.

“ಅತ್ತೆ, ಮೇಜಿನ ಮೇಲೆ ಹೂ ಇತ್ತಲ್ಲಾ?”

“ಊವೆಲ್ಲಿತ್ತು? ಸೊಪ್ಪಿತ್ತು. ಬಾಡೋಯ್ತದೆ ಅಂತ ಬೇಯಾಕ್ದೆ. ನೀನೂ ಸರ್ಯಾಗಿದ್ದೀಯ ಕಣವ್ವಾ, ಊವ್ ಬುಟ್ಟಿರೋ ಸೊಪ್ಪ ಯಾರಾರ ತತ್ತಾರಾ? ಅರ್ಧಕ್ಕರ್ಧ ಬಲ್ತೋಗಿತ್ತು. ಎಳೇದಷ್ಟ ಬುಡಿಸ್ಕಂಡು, ಊವು ಕಡ್ಡಿನೆಲ್ಲ ಬೀದಿ ದನಕ್ಕೆ ಆಕ್ದೆ.”

“ಅಯ್ಯೋ, ಅದು ತಿನ್ನೋಕಲ್ಲ ಅತ್ತೆ, ನೋಡೋಕೆ!”

“ಬೆರಕೆ ಸೊಪ್ಪ ನೋಡಾಕೆ ಮಡಗ್ತಾರಾ? ಅಂಗಾರೆ ನಮ್ಮೊಲದ ತುಂಬಾ ನೋಡಾಕೇ ಬೆಳ್ದೈತೆ. ಬಂದು ಒಂದಿನ ಕಿತ್ತಾಕು.”

ಪುಷ್ಪಾವತಿಗೆ ಅಳುವೇ ಬಂತು. ಬಡಾವಣೆಯ ಮಹಿಳಾ ಸಂಘದವರು ಅವತ್ತು ಮನೆ ಮನೆಗೆ ಬಂದು ನೋಡುವ ಸ್ಪರ್ಧೆ ಇಟ್ಟಿದ್ದರು: ಊಟದ ಮೇಜಿಗೆ ಹಳ್ಳಿ ಸೊಗಡಿನ ಹೂವಿನ ಅಲಂಕಾರ. ಹೋದ ವರ್ಷದ ಸ್ಪರ್ಧೆಯಲ್ಲಿ ಅವಳಿಟ್ಟಿದ್ದ ಪ್ಲಾಸ್ಟಿಕ್ ಗುಲಾಬಿಗಳನ್ನು ನೋಡಿ ತೀರ್ಪುಗಾರ್ತಿ ಪದ್ಮಶ್ರೀ, “ಧೂಳು ಚೆನ್ನಾಗಿ ಒರೆಸಿದ್ದೀರಿ” ಎಂದಿದ್ದರು. ಆ ಒಂದು ಮಾತಿಗೆ ಇಡೀ ಬೀದಿ ವಾರಗಟ್ಟಲೆ ನಕ್ಕಿತ್ತು. ಪದ್ಮಶ್ರೀ ನಿವೃತ್ತ ಹೆಡ್‌ಮಿಸ್. ಸ್ಪರ್ಧೆಯ ಮನೆಗಳಲ್ಲಿ ಅರ್ಧ ಲೋಟ ಕಾಫಿಯನ್ನೂ ಮುಟ್ಟದ ನಿಷ್ಠುರದ ಹೆಂಗಸು. ಈ ಸಲ ಅದೇ ಬಾಯಲ್ಲಿ ‘ಚೆನ್ನಾಗಿದೆ’ ಅನ್ನಿಸಲೇಬೇಕೆಂದು ಪುಷ್ಪಾವತಿ ತಿಂಗಳಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದಳು. ಅವಳು ಮೂಗು ಒರೆಸಿಕೊಳ್ಳುತ್ತ ಇದನ್ನೆಲ್ಲ ಹೇಳುತ್ತಿದ್ದರೆ, ಅತ್ತೆ ಕುಕ್ಕರ್ ಇಳಿಸಿ ಹದವಾಗಿ ಸೊಪ್ಪು ಮಸೆಯುತ್ತಿದ್ದಳು.

ಕರೆಗಂಟೆ ಸದ್ದಾಯಿತು.

“ಅಳ್ಬ್ಯಾಡ, ಓಗಿ ಬಾಗ್ಲು ತಗಿ. ಮೇಜಿನ್ ನಡುವ್ಕೆ ಏನಾರ ಇರ್ಬೇಕು ತಾನೆ? ಇರ್ತದೆ ನಡಿ.”

ಪದ್ಮಶ್ರೀ ಅಂಕದ ಹಾಳೆ ಹಿಡಿದು ಒಳಗೆ ಬಂದಾಗ ಬಿದಿರಿನ ಕುಕ್ಕೆಯಲ್ಲಿ ಮುಚ್ಚಳ ಹಾಕಿದ ಪಾತ್ರೆಯೊಂದು ಹಬೆಯಾಡುತ್ತಾ ಕೂತಿತ್ತು. ಅವರು ಕನ್ನಡಕ ಏರಿಸಿಕೊಂಡರು. “ಹೂವೆಲ್ಲಿ ಪುಷ್ಪಾವತಿಯವರೇ?”

ಬೀರಮ್ಮ ಮುಚ್ಚಳ ತೆಗೆದಳು. “ಇದ್ರಲ್ಲೇ ಇತ್ತು ಕಣವ್ವಾ. ಈಗ ಬೆಂದೈತೆ.”

ಮಸ್ಸೊಪ್ಪಿನ ಘಮ ಮೇಜು ದಾಟಿ, ಹಜಾರ ದಾಟಿ, ಬಾಗಿಲ ತನಕ ಹೋಯಿತು. ಪದ್ಮಶ್ರೀ ಹಾಳೆಯಲ್ಲಿ ಏನೋ ಬರೆದರು. ಇನ್ನೊಂದು ಬರೆದರು. ಆಮೇಲೆ ಪೆನ್ನು ನಿಂತಿತು. ಮೇಜಿನ ಸುತ್ತ ಒಂದು ಸುತ್ತು ಬಂದರು, ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು, ದನಿ ತಗ್ಗಿಸಿ ಕೇಳಿದರು.

“ಬೆಳ್ಳುಳ್ಳಿ ಹಾಕಿದ್ದೀರಾ?”

ಬೀರಮ್ಮನ ಕಣ್ಣು ಮಿಂಚಿತು. “ಜೈನ್ರಾ ನೀವು? ಒಗ್ಗರ್ಣೆ ಇನ್ನೂ ಕೊಟ್ಟಿಲ್ಲ ಕಣವ್ವಾ. ನಿಮ್ದು ಬ್ಯಾರೆ ತೆಗ್ದು ಬರೀ ಸಾಸ್ವೆ ಇಂಗು ಆಕ್ತೀನಿ. ಈರುಳ್ಳಿನ ಈ ಮಾರಾಯ್ತಿ ಎಲ್ ಮಡಗವ್ಳೋ, ಉಡುಕಿದ್ರೂ ಸಿಗ್ನಿಲ್ಲ. ನಿಮ್ ಪುಣ್ಯ.”

“ಊಟಕ್ಕಲ್ಲ, ಪರಿಶೀಲನೆಗೆ,” ಎಂದರು ಪದ್ಮಶ್ರೀ, ಕುರ್ಚಿ ಎಳೆದುಕೊಳ್ಳುತ್ತಾ.

ಬೀರಮ್ಮ ಇಂಗಿನ ಒಗ್ಗರಣೆ ಕೊಟ್ಟು, ಬಿಸಿ ರಾಗಿ ಮುದ್ದೆ ತಂದು ಬಡಿಸಿದಳು. ಮೊದಲ ಮುದ್ದೆ ಪರಿಶೀಲನೆಗೆ ಆಯಿತು. ಎರಡನೆಯದು ಯಾಕೆಂದು ಯಾರೂ ಕೇಳಲಿಲ್ಲ. ಬೆಳ್ಳುಳ್ಳಿ ಬೀಳುವ ಮೊದಲೇ ಪಾತ್ರೆಯ ತಳ ಕಂಡಿತು. ಬೀರಮ್ಮ ಸುಲಿದಿಟ್ಟಿದ್ದ ಎಸಳುಗಳನ್ನು ಸದ್ದಿಲ್ಲದೆ ಡಬ್ಬಿಗೆ ವಾಪಸ್ ಹಾಕಿದಳು.

“ನಮ್ಮ ಮನೇಲಿರೋ ಸೊಸೆಗೆ ಕನ್ನೆ ಸೊಪ್ಪು ಅಂದ್ರೆ ಏನು ಅಂತಲೇ ಗೊತ್ತಿಲ್ಲ,” ಎಂದರು ಪದ್ಮಶ್ರೀ, ತಟ್ಟೆಯ ಅಂಚನ್ನು ಬೆರಳಿನಿಂದ ಬಳಿಯುತ್ತಾ. ಆಮೇಲೆ ಪುಷ್ಪಾವತಿಯ ಕಡೆ ತಿರುಗಿದರು. “ಚೆನ್ನಾಗಿದೆ.”

ಕೈ ತೊಳೆದು ಬಂದು, ಮತ್ತೆ ಹೆಡ್‌ಮಿಸ್ ಮುಖ ಹಾಕಿಕೊಂಡು ಹಾಳೆ ತುಂಬಿದರು. ಬೀರಮ್ಮ ಕುಂಕುಮ ಕೊಡಲು ಅವರನ್ನು ದೇವರ ಮನೆಯ ಕಡೆ ಕರೆದೊಯ್ದಾಗ ಪುಷ್ಪಾವತಿ ಮೇಜಿನ ಮೇಲೆ ಬಿಟ್ಟಿದ್ದ ಹಾಳೆಯನ್ನು ಬಗ್ಗಿ ಇಣುಕಿದಳು.

ಬಣ್ಣ: ಸೊನ್ನೆ. ಜೋಡಣೆ: ಸೊನ್ನೆ. ಹಳ್ಳಿ ಸೊಗಡು: ಹತ್ತಕ್ಕೆ ಹತ್ತು, ಪಕ್ಕದಲ್ಲೊಂದು ಮಸ್ಸೊಪ್ಪಿನ ಹನಿ. ಬಹುಮಾನವಂತೂ ದನದ ಬಾಯಿಗೆ ಹೋಗಿತ್ತು. ಆದರೂ ಅವಳಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು. ಹಾಳೆಯ ಕೊನೆಯ ಪ್ರಶ್ನೆ, ‘ಅಲಂಕಾರ ಎಷ್ಟು ದಿನ ಉಳಿಯಬಹುದು?’ ಎಂದಿತ್ತು. ಅದರ ಮುಂದೆ ಹೆಡ್‌ಮಿಸ್ಸಿನ ದುಂಡನೆಯ ಅಕ್ಷರ:

‘ಉಳಿಯಲಿಲ್ಲ.’