ನೆಲ ನಿಂತ ಗಳಿಗೆ

ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಾನು ಇದನ್ನು ಬರೆಯಲು ಹೊರಟಿರುವುದೇ ಹೆಚ್ಚಾಯಿತು, ಓದುವವರು ಮನ್ನಿಸಬೇಕು. ಆದರೆ ಆ ಹುಡುಗಿಯ ಪಕ್ಕದಲ್ಲಿದ್ದವಳು ನಾನೊಬ್ಬಳೇ.

ನಮ್ಮ ಕಡೆ ನೆಲ ಸದಾ ನಡುಗುತ್ತಿರುತ್ತದೆ. ನಾವೆಲ್ಲ ಆ ನಡುಕದಲ್ಲೇ ಹುಟ್ಟಿದವರು. ನೆಲ ಬಿರಿದು ಯಾರಾದರೂ ಆಚೆ ಸಿಕ್ಕಿಕೊಂಡರೆ ಬಾಣಕ್ಕೆ ದಾರ ಕಟ್ಟಿ ಹೊಡೆಯಬೇಕು. ದಾರದ ಹಿಂದೆ ಹಗ್ಗ ಹೋಗುತ್ತದೆ. ಬಿಲ್ಲು ಹಿಡಿಯುವ ಮಕ್ಕಳಿಗೆ ಹೊಟ್ಟೆ, ಸೊಂಟ ಗಟ್ಟಿಯಾಗುವಂತೆ ಕಸರತ್ತು ಮಾಡಿಸಿ, ನಡುಕಕ್ಕೆ ಎದುರಾಗಿ ಮೈ ವಾಲಿಸಿ ನಿಲ್ಲುವುದನ್ನು ಕಲಿಸುವುದು ನನ್ನ ಕೆಲಸ.

ಆ ಬೆಳಿಗ್ಗೆ ಬಿರುಕಿನ ಆಚೆ, ಬಂಡೆಯೊಂದರ ಅಂಚಿನಲ್ಲಿ ಸಿಕ್ಕಿಕೊಂಡವನು ಬಸಲಿಂಗ. ಬಿಲ್ಲು ಹಿಡಿದವಳು ಅವನ ಮಗಳು, ಹನ್ನೆರಡು ವರ್ಷದ ಸಾವಂತ್ರಿ.

"ಹೊಟ್ಟಿ ಬಿಗಿ ಹಿಡಿ, ತಂಗಿ," ಎಂದೆ.

"ಹಿಡದೀನ್ರೀ ಅಕ್ಕೋರ. ಉಸರ ಬಿಡಾಕೂ ಅಂಜಿಕಿ ಆಗ್ತೈತಿ."

"ಏ ಮಗಳ, ಮೊನ್ನಿ ನನ್ನ ತಲಿ ಮ್ಯಾಲಿನ ಪಟಗಾ ಹೊಡದ ಕೆಡವಿದ್ಯಲ್ಲ, ಹಂಗ ಹೊಡಿ!" ಎಂದು ಆಚೆಯಿಂದ ಬಸಲಿಂಗ ಕೂಗಿದ. ಅವಳು ನಕ್ಕು ಹೆದೆ ಎಳೆದಳು.

ಬಾಣ ಬಿಡುವ ಕ್ಷಣಕ್ಕೆ ಸರಿಯಾಗಿ ನೆಲ ನಿಂತುಬಿಟ್ಟಿತು. ಇಲ್ಲದ ನಡುಕಕ್ಕೆ ವಾಲಿದ ಸಾವಂತ್ರಿ ಅಡ್ಡ ಬಿದ್ದಳು. ಬಾಣ ಬಿರುಕಿನೊಳಗೆ ಹೋಯಿತು. ನಾನೂ ಬಿದ್ದಿದ್ದೆ. ತಲೆ ಎತ್ತಿದಾಗ ಬಂಡೆಯ ಅಂಚಿನಲ್ಲಿ ಯಾರೂ ಇರಲಿಲ್ಲ. ಅವನೂ ನಮ್ಮ ಹಾಗೆಯೇ ವಾಲಿದ್ದಿರಬೇಕು. ಬಂಡೆ ಮಾತ್ರ ಅಲುಗದೆ ಇತ್ತು.

ಸ್ವಲ್ಪ ಹೊತ್ತಿಗೆ ನೆಲ ಮತ್ತೆ ನಡುಗತೊಡಗಿತು.

"ನಿಂತ ನೆಲದ ಮ್ಯಾಲ ನಿಲ್ಲೋದು ಯಾಕ ಕಲಸಲಿಲ್ಲರೀ, ಅಕ್ಕೋರ?" ಎಂದು ಸಾವಂತ್ರಿ ಕೇಳಿದಳು.

ಅದನ್ನು ಎಲ್ಲಿ ನಿಂತು ಕಲಿಸಬೇಕೋ ನನಗೆ ಇಂದಿಗೂ ಗೊತ್ತಿಲ್ಲ.